ಮನೆಯಿಂದ ಓಡಾಡುವ ಕಾಲೇಜು

ತಮ್ಮಾ,

ನಿನ್ನ ಪತ್ರ ಓದಿದೆ. ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ಮುಗಿಸಿ, ಗ್ರೀನ್ ಕಾರ್ಡ್ ಸಿಕ್ಕ ಅಪ್ಪ ಅಮ್ಮನ ಜೊತೆ ಎರಡು ತಿಂಗಳ ಹಿಂದೆ ನ್ಯೂಯಾರ್ಕಿಗೆ ಬಂದಿದ್ದೀಯ. ಈಗ ಜ್ಯಾಕ್ಸನ್ ಹೈಟ್ಸ್‌ನಲ್ಲಿ ಸೋದರಮಾವನ ಮನೆಯಲ್ಲಿದ್ದೀಯ. ಸಾಲ ಮಾಡಿ ಹಾಸ್ಟೆಲ್ ಇರುವ ಖಾಸಗಿ ಕಾಲೇಜಿಗೆ ಸೇರುವುದೋ, ಮನೆಯಿಂದಲೇ ಓಡಾಡಿಕೊಂಡು ಕ್ವೀನ್ಸ್ ಕಾಲೇಜಿನಲ್ಲಿ ಓದುವುದೋ ಎಂಬುದು ನಿನ್ನ ಪ್ರಶ್ನೆ. ಮಾವನ ಸ್ನೇಹಿತರೊಬ್ಬರು "ಅದು ಬಸ್ಸಿನವರ ಕಾಲೇಜು" ಎಂದು ಮೂಗು ಮುರಿದರಂತೆ. ನಾನೂ ಅದೇ ಬಸ್ಸಿನಲ್ಲಿ ಹೋಗಿ ಬಂದವನು. ಅದಕ್ಕೂ ಮೊದಲು ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಎರಡು ವರ್ಷ ಓಡಾಡಿದವನು. ಹಾಗಾಗಿ ಪಕ್ಷಪಾತ ಇದ್ದೇ ಇದೆ, ಸಹಿಸಿಕೋ.

ಮೊದಲು ದುಡ್ಡಿನ ಮಾತು. ಕ್ವೀನ್ಸ್ ಕಾಲೇಜು ನಗರದ ಸಾರ್ವಜನಿಕ ವಿಶ್ವವಿದ್ಯಾಲಯವಾದ ಕ್ಯೂನಿಗೆ ಸೇರಿದ್ದು. ನಾನು ಬಲ್ಲ ದರದ ಪ್ರಕಾರ ರಾಜ್ಯದ ನಿವಾಸಿಗೆ ಬೋಧನಾ ಶುಲ್ಕ ವರ್ಷಕ್ಕೆ 6,930 ಡಾಲರ್, ಅಂದರೆ ಸೆಮಿಸ್ಟರಿಗೆ 3,465. ಇತರ ಸಣ್ಣಪುಟ್ಟ ಶುಲ್ಕಗಳು ಬೇರೆ. ಆದರೆ ಗ್ರೀನ್ ಕಾರ್ಡ್ ಕೈಗೆ ಬಂದ ಮಾತ್ರಕ್ಕೆ ನೀನು ನಿವಾಸಿಯಾಗುವುದಿಲ್ಲ. ತರಗತಿ ಶುರುವಾಗುವ ದಿನಕ್ಕೆ ಹನ್ನೆರಡು ತಿಂಗಳು ನ್ಯೂಯಾರ್ಕ್ ರಾಜ್ಯದಲ್ಲಿ ವಾಸವಾಗಿರಬೇಕು, ಅದಕ್ಕೆ ಕಾಗದದ ಪುರಾವೆಯೂ ಬೇಕು. ಇಲ್ಲದಿದ್ದರೆ ಪಾಠಗಳನ್ನು ಅಳೆಯುವ ಲೆಕ್ಕವಾದ ಕ್ರೆಡಿಟ್ ಒಂದಕ್ಕೆ 620 ಡಾಲರಿನಂತೆ ಹೊರಗಿನವರ ದರ. ಹದಿನೈದು ಕ್ರೆಡಿಟ್ ತೆಗೆದುಕೊಂಡರೆ ಒಂದೇ ಸೆಮಿಸ್ಟರಿಗೆ 9,300! ಅವಸರ ಬೇಡ. ಒಂದು ವರ್ಷ ಎಲ್ಲಾದರೂ ಕೆಲಸ ಮಾಡು, ನಿನ್ನ ಹೆಸರಿಗೆ ಬ್ಯಾಂಕಿನ ಪತ್ರಗಳು ಮನೆಗೆ ಬರುವಂತೆ ಮಾಡಿಕೋ, ಇಲ್ಲಿನವರ ಇಂಗ್ಲಿಷಿಗೆ ಕಿವಿ ಪಳಗಲಿ. ಊರಿನಲ್ಲಿ "ವರ್ಷ ಹಾಳಾಯಿತು" ಎನ್ನುತ್ತಾರೆ, ಅನ್ನಲಿ.

ಸಹಾಯಧನ ಎರಡು ಬಗೆಯದು. ಕೇಂದ್ರ ಸರ್ಕಾರದ ಪೆಲ್ ಅನುದಾನಕ್ಕೆ ಗ್ರೀನ್ ಕಾರ್ಡ್ ಇದ್ದವರೂ ಅರ್ಜಿ ಹಾಕಬಹುದು; ಸಿಗುವ ಮೊತ್ತ ಮನೆಯ ಆದಾಯದ ಮೇಲೆ ನಿಂತಿದೆ, ತೀರಿಸಬೇಕಾದ ಸಾಲ ಅಲ್ಲ. ಎರಡನೆಯದು ರಾಜ್ಯ ಸರ್ಕಾರ ಕೊಡುವ ಟ್ಯಾಪ್ ಎಂಬ ಸಹಾಯಧನ; ಅದಕ್ಕೂ ವಾಸದ ನಿಯಮವಿದೆ. ಅದರ ಜೊತೆಗೆ, ಅಮೆರಿಕದ ಹೊರಗೆ ಶಾಲೆ ಮುಗಿಸಿದವರು ಒಂದು ಅರ್ಹತಾ ಪರೀಕ್ಷೆ ಪಾಸಾಗಬೇಕು. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸೆಮಿಸ್ಟರಿನ ಟ್ಯಾಪ್ ಹಾಗೆಯೇ ಕೈತಪ್ಪಿತು.

ಇನ್ನೊಂದು ಲೆಕ್ಕ. ಹನ್ನೆರಡು ಕ್ರೆಡಿಟ್ ತೆಗೆದುಕೊಂಡರೆ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳುತ್ತೀಯ, ಆದರೆ ಪದವಿಗೆ ಬೇಕಾದದ್ದು 120. ಹನ್ನೆರಡರಂತೆ ಎಂಟು ಸೆಮಿಸ್ಟರ್ ಓದಿದರೆ 96ಕ್ಕೆ ನಿಲ್ಲುತ್ತದೆ. ನಿವಾಸಿಗೆ ಹನ್ನೆರಡಕ್ಕೂ ಹದಿನೈದಕ್ಕೂ ಶುಲ್ಕ ಒಂದೇ. ನಾನು ಹನ್ನೆರಡೇ ಸಾಕು ಎಂದುಕೊಂಡು ಐದು ವರ್ಷ ಓದಿದೆ.

ಇನ್ನು ಆ ಮಹಾನುಭಾವರ ಮೂಗಿನ ವಿಷಯ. ಕ್ಯೂನಿಯ ಬೇರು 1847ರಷ್ಟು ಹಳೆಯದು. ಇಂದಿನ ಸಿಟಿ ಕಾಲೇಜು ಆಗ ಫ್ರೀ ಅಕಾಡೆಮಿ ಎಂಬ ಹೆಸರಿನಲ್ಲಿ ಶುರುವಾಯಿತು. ಬಡವರ ಮಕ್ಕಳಿಗೆ ಬಿಟ್ಟಿ ಕಾಲೇಜು. ನಗರದ ಬೊಕ್ಕಸ ಬರಿದಾಗಿ 1976ರಲ್ಲಿ ಬೋಧನಾ ಶುಲ್ಕ ಹೇರುವವರೆಗೂ ಆ ಪರಂಪರೆ ನಡೆಯಿತು. ಜಮೈಕಾದಿಂದ ವಲಸೆ ಬಂದವರ ಮಗ ಕಾಲಿನ್ ಪೊವೆಲ್, ಬ್ರಾಂಕ್ಸ್‌ನ ಮನೆಯಿಂದ ಓಡಾಡಿಕೊಂಡು ಸಿಟಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ 1958ರಲ್ಲಿ ಪದವಿ ಪಡೆದರು. ಮುಂದೆ ವಿದೇಶಾಂಗ ಸಚಿವರಾದಾಗ ಅವರನ್ನು ಯಾವ ಹಾಸ್ಟೆಲ್ ಎಂದು ಯಾರೂ ಕೇಳಿದಂತಿಲ್ಲ.

ಆದರೂ "ಬಸ್ಸಿನವರ ಕಾಲೇಜು" ಎಂಬ ಆ ಮಾತಿನಲ್ಲಿ ಒಂದು ಮುಳ್ಳಿದೆ. ಓಡಾಡಿಕೊಂಡು ಓದುವವನು ಕಾಲೇಜಿಗೆ ಹೋಗಿ ಕಾಲೇಜನ್ನು ಕಾಣದೆಯೇ ಬರಬಹುದು. ನಾನು ಮಾಡಿದ್ದು ಅದೇ. ರೈಲು ಖರ್ಚೂ ಸಮಯವೂ ಉಳಿಯಲಿ ಎಂದು ಎಲ್ಲ ತರಗತಿಗಳನ್ನೂ ಮಂಗಳವಾರ ಮತ್ತು ಗುರುವಾರಕ್ಕೆ ತುರುಕಿ, ಪಾಠ ಮುಗಿದ ಕೂಡಲೇ ಬಸ್ ನಿಲ್ದಾಣಕ್ಕೆ ಓಡುತ್ತಿದ್ದೆ. ಎರಡು ವರ್ಷ ಕಳೆದು ಒಂದು ವಿದ್ಯಾರ್ಥಿವೇತನಕ್ಕೆ ಶಿಫಾರಸು ಪತ್ರ ಬೇಕಾದಾಗ, ನನ್ನ ಮುಖ ನೆನಪಿರುವ ಪ್ರಾಧ್ಯಾಪಕರು ಒಬ್ಬರೂ ಇರಲಿಲ್ಲ. ನಾಚಿಕೆಯಾಯಿತು. ಮೂರನೆಯ ವರ್ಷ ಬೇಕೆಂದೇ ಎರಡು ತರಗತಿಗಳ ನಡುವೆ ಎರಡು ಗಂಟೆ ಖಾಲಿ ಬಿಟ್ಟೆ. ಗ್ರಂಥಾಲಯದಲ್ಲಿ ಒಂದೇ ಮೇಜು ಹಿಡಿದು ಕುಳಿತೆ. ಪಠ್ಯಪುಸ್ತಕ ಕೊಳ್ಳದೆ ಅಲ್ಲೇ ಪಡೆದು ಓದಬಹುದು ಎಂದು ತಿಳಿದದ್ದೂ ಆಗಲೇ. ಪಕ್ಕದಲ್ಲಿ ಕೂರುತ್ತಿದ್ದ ಬಂಗಾಳಿ ಹುಡುಗ, ಕೊರಿಯಾದ ಹುಡುಗಿ, ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಈಕ್ವೆಡಾರಿನ ಒಬ್ಬ ಅಪ್ಪ, ನಾನು, ಹೀಗೆ ನಾಲ್ವರು ಸೇರಿ ಅಂಕಿಅಂಶಶಾಸ್ತ್ರ ಪಾಸಾದೆವು. ಅವರೂ ನನ್ನಂತೆಯೇ ಬಸ್ಸಿಗೆ ಓಡುತ್ತಿದ್ದವರು. ಯಾರೂ ಯಾರಿಗೂ ಸಿಕ್ಕಿರಲಿಲ್ಲ, ಅಷ್ಟೇ. ಪ್ರಾಧ್ಯಾಪಕರು ಕೊಠಡಿಯಲ್ಲಿ ಸಿಗುವ ವೇಳೆ ಗೊತ್ತು ಮಾಡಿರುತ್ತಾರೆ. ಸಂಶಯ ಇಲ್ಲದಿದ್ದರೂ ಒಂದು ಸಂಶಯ ಹುಟ್ಟಿಸಿಕೊಂಡು ಹೋಗು.

ಮನೆಯಲ್ಲೇ ಇದ್ದು ಓದುವುದರ ನಿಜವಾದ ಕಷ್ಟ ಮನೆಯೇ. "ಹೇಗೂ ಮನೆಯಲ್ಲಿದ್ದೀಯಲ್ಲ" ಎಂದು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ವಿಮೆಯವರ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತನಾಡುವುದು, ಮಾವನ ಮಕ್ಕಳ ಗಣಿತ ಎಲ್ಲವೂ ನಿನ್ನ ತಲೆಗೆ ಬರುತ್ತದೆ. ಹಾಸ್ಟೆಲಿನ ಹುಡುಗನಿಗೆ ಈ ಕರೆಗಳು ಬರುವುದಿಲ್ಲ. ಮಾಡಬೇಡ ಎನ್ನುವುದಿಲ್ಲ, ಆ ಋಣ ನಮ್ಮದು. ಆದರೆ ನಿನ್ನ ವೇಳಾಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸು. ಗ್ರಂಥಾಲಯದ ಆ ಎರಡು ಗಂಟೆಯನ್ನೂ ಅದರಲ್ಲಿ ತರಗತಿ ಎಂದೇ ಬರೆ. ಅಮ್ಮನಿಗೆ ಇಷ್ಟು ಸುಳ್ಳು ಹೇಳಬಹುದು.

ದಾರಿ ಸುಲಭ. ಜ್ಯಾಕ್ಸನ್ ಹೈಟ್ಸ್‌ನಿಂದ ಎಫ್ ರೈಲು ಹಿಡಿದು ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದರೆ, ಅಲ್ಲಿಂದ ಕ್ಯೂ 64 ಬಸ್. ಇಲ್ಲವೇ 7ನೇ ರೈಲಿನಲ್ಲಿ ಫ್ಲಶಿಂಗ್‌ವರೆಗೆ ಹೋಗಿ ಅಲ್ಲಿ ಬಸ್ ಬದಲಿಸು. ಹಿಮ ಬಿದ್ದ ದಿನ ಒಂದು ಗಂಟೆ ಮುಂಚೆ ಹೊರಡು. ಎರಡನೆಯ ದಾರಿಯಲ್ಲಿ ಒಂದು ಲಾಭವಿದೆ: ಫ್ಲಶಿಂಗ್‌ನ ಬೌನ್ ಬೀದಿಯಲ್ಲಿ ಗಣೇಶ ದೇವಸ್ಥಾನ, ಅದರ ನೆಲಮಾಳಿಗೆಯಲ್ಲಿ ಕ್ಯಾಂಟೀನು. ಅಲ್ಲಿನ ದೋಸೆ ದಾವಣಗೆರೆಯ ಬೆಣ್ಣೆ ದೋಸೆ ಅಲ್ಲ, ಆಸೆ ಇಟ್ಟುಕೊಳ್ಳಬೇಡ. ಆದರೆ ಡಬ್ಬಿ ಖಾಲಿಯಾದ ದಿನ ಅದು ಎಂದೂ ಕೈಬಿಟ್ಟದ್ದಿಲ್ಲ.

ಈ ಶನಿವಾರ ಹನ್ನೊಂದಕ್ಕೆ ನಾನು ಅಲ್ಲಿರುತ್ತೇನೆ. ಹತ್ತನೆಯ ತರಗತಿಯ ಮತ್ತು ಪಿಯುಸಿಯ ಅಂಕಪಟ್ಟಿಗಳನ್ನು ತೆಗೆದುಕೊಂಡು ಬಾ. ಮೂಲ ಪ್ರತಿ ಇನ್ನೂ ಊರಿನಲ್ಲೇ ಇದ್ದರೆ, ಇವತ್ತೇ ದೊಡ್ಡಪ್ಪನಿಗೆ ಫೋನ್ ಮಾಡು.