ತುರಿಕೆಯ ರಾತ್ರಿಗಳು: ಎಕ್ಸಿಮಾ ಮಗುವಿನದು, ಎಚ್ಚರ ಮನೆಯವರದು

ಪ್ರಶ್ನೆ: ಮಗನಿಗೆ ಆರು ವರ್ಷ. ಐದು ತಿಂಗಳ ಕೂಸಾಗಿದ್ದಾಗಿನಿಂದಲೂ ಎಕ್ಸಿಮಾ ಇದೆ. ರಾತ್ರಿಯೆಲ್ಲ ರಕ್ತ ಬರುವಂತೆ ಕೆರೆದುಕೊಳ್ಳುತ್ತಾನೆ. ನಾನು ನೆಟ್ಟಗೆ ನಿದ್ದೆ ಮಾಡಿ ವರ್ಷಗಳಾದವು. ಶಾಲೆಯಲ್ಲಿ ಯಾರೂ ಅವನ ಪಕ್ಕ ಕೂರುವುದಿಲ್ಲ. ಬದನೆ, ಮೀನು, ಮೊಟ್ಟೆ ಎಲ್ಲ ಬಿಡಿಸಿದ್ದೇವೆ. ಬಸುರಿಯಲ್ಲಿ ನಾನು ನಂಜು ತಿಂದದ್ದರಿಂದಲೇ ಹೀಗಾಯಿತು ಎನ್ನುತ್ತಾರೆ ಮನೆಯವರು. ಹೌದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅಲ್ಲ. ಈ ಮಾತನ್ನು ಮನೆಯವರಿಗೆಲ್ಲ ಓದಿ ಹೇಳಿ. ಎಕ್ಸಿಮಾ ಬರುವುದು ಬಸುರಿಯ ಊಟದಿಂದಲ್ಲ. ಹಲವು ಮಕ್ಕಳಲ್ಲಿ ಚರ್ಮದ ಹೊರಪದರ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬಂದ ಗುಣ ಅದು. ಹಂಚು ಸರಿದ ಮಾಡಿನಂತೆ ಅದು ಒಳಗಿನ ತೇವವನ್ನು ಹಿಡಿದಿಡುವುದಿಲ್ಲ, ಹೊರಗಿನ ಧೂಳನ್ನು ತಡೆಯುವುದಿಲ್ಲ. ಇದು ಕಜ್ಜಿಯೂ ಅಲ್ಲ, ಅಂಟುರೋಗವೂ ಅಲ್ಲ. ಹೀಗೆಂದು ವೈದ್ಯರಿಂದ ಎರಡು ಸಾಲು ಬರೆಸಿಕೊಂಡು ಶಿಕ್ಷಕರಿಗೆ ಕೊಡಿ. ಮಗು ಬೆಂಚಿನಲ್ಲಿ ಒಂಟಿಯಾಗಿ ಕೂರುವುದು ಚರ್ಮದ ಗಾಯಕ್ಕಿಂತ ಸಣ್ಣ ನೋವೇನಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿದ್ದೆಯ ಮಾತು. ತುರಿಕೆ ರಾತ್ರಿ ಏರುತ್ತದೆ. ನಿದ್ದೆಗೆಟ್ಟ ಮಗು ಹಗಲು ರಚ್ಚೆ ಹಿಡಿಯುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ತಾಯಿಯೂ ಸೋತು ಸಿಡುಕುತ್ತಾಳೆ, ಆಮೇಲೆ ಅದಕ್ಕಾಗಿಯೇ ಮರುಗುತ್ತಾಳೆ. ಚರ್ಮರೋಗ ಮಕ್ಕಳ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯಲು 1995ರಿಂದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಬಳಕೆಯಲ್ಲಿದೆ. ನಿದ್ದೆ, ಆಟ, ಗೆಳೆತನ, ಶಾಲೆ ಎಲ್ಲವನ್ನೂ ಅದು ಕೇಳುತ್ತದೆ. ಮನೆಯವರ ಪಾಡನ್ನು ಅಳೆಯುವ ಪಟ್ಟಿಯೂ ಬೇರೆ ಇದೆ. ನಮ್ಮ ಹೊರರೋಗಿ ವಿಭಾಗಗಳ ಗದ್ದಲದಲ್ಲಿ ಇದನ್ನೆಲ್ಲ ಕೇಳುವ ವ್ಯವಧಾನ ಸಿಗುವುದು ಅಪರೂಪ. ಆದ್ದರಿಂದ ನೀವೇ ಬಾಯಿಬಿಟ್ಟು ಹೇಳಬೇಕು.

ಪಥ್ಯದ ವಿಷಯ. ತಿಂದ ಸ್ವಲ್ಪ ಹೊತ್ತಿಗೆ ದದ್ದು, ಬಾವು, ವಾಂತಿ ಕಾಣಿಸಿದ್ದರೆ ಮಾತ್ರ ಆ ಆಹಾರದ ಪರೀಕ್ಷೆ ಬೇಕು. ಹಾಗೇನೂ ಆಗಿಲ್ಲವಾದರೆ ಮೊಟ್ಟೆ, ಮೀನು ತಿನ್ನಲಿ. ಬೆಳೆಯುವ ಮಗುವಿನ ತಟ್ಟೆಯಿಂದ ಒಂದೊಂದನ್ನೇ ಕಿತ್ತುಕೊಳ್ಳುವುದು ಚಿಕಿತ್ಸೆಯಲ್ಲ.

ಮಲೆನಾಡಿನ ಚಳಿಯಲ್ಲಿ ಹಂಡೆಯ ಸುಡುನೀರು ಹಿತವೆನಿಸುತ್ತದೆ, ಆದರೆ ಇವನ ಚರ್ಮಕ್ಕೆ ಅದೇ ಶತ್ರು. ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಸ್ನಾನ ಸಾಕು. ಉಜ್ಜದೆ, ಮೈಯನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ಚರ್ಮ ಚೆನ್ನಾಗಿ ಕಂಡ ದಿನವೂ ಬಿಡಬೇಡಿ. ಉಣ್ಣೆಯ ಸ್ವೆಟರ್ ಒಳಗೆ ಹತ್ತಿಯ ಅಂಗಿ ಇರಲಿ.

ಕೆಂಪಾದ ಜಾಗಕ್ಕೆ ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮಿಗೆ ಹೆದರಬೇಡಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಚರ್ಮಕ್ಕೆ ಅಷ್ಟು ಸಾಕು. ನಾನು ಹೆದರುವುದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಿಶ್ರಣದ ಟ್ಯೂಬಿಗೆ. ಅದರಲ್ಲಿ ಪ್ರಬಲ ಸ್ಟೀರಾಯ್ಡ್ ಜೊತೆಗೆ ಶಿಲೀಂಧ್ರದ ಔಷಧಿಯನ್ನೂ ಬೆರೆಸಿರುತ್ತಾರೆ. ಮಗುವಿನ ಚರ್ಮವನ್ನು ಅದು ತೆಳುವಾಗಿಸುತ್ತದೆ.

ಕೀವು ಸೋರಿದರೆ, ಜ್ವರ ಬಂದರೆ, ನೋಯುವ ನೀರುಗುಳ್ಳೆಗಳು ಒಮ್ಮೆಲೇ ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಎರಡು ವಾರ ಈ ಕ್ರಮ ಪಾಲಿಸಿ, ಮಗ ಪ್ರತಿ ರಾತ್ರಿ ಎಷ್ಟು ಬಾರಿ ಎದ್ದ ಎಂದು ಬರೆದಿಟ್ಟು ಚರ್ಮವೈದ್ಯರ ಬಳಿ ಹೋಗಿ. ನೀವು ಎಷ್ಟು ಗಂಟೆ ಮಲಗಿದಿರಿ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ.