ಪ್ರತಿಕ್ರಿಯೆ: ಕಲ್ಲಿದ್ದಲು ಗಣಿ ಮುಚ್ಚಿದ ಜಾಗದಲ್ಲಿ ಸಸಿ ಯಾಕೆ ಬದುಕುತ್ತಿಲ್ಲ?

ಗಣಿ ಮುಚ್ಚಿ ಮಣ್ಣು ಹರಡಿ ಎರಡು ಸಲ ಸಸಿ ನೆಟ್ಟರೂ ಒಣಗಿದವು, ಪಕ್ಕದ ಹಳ್ಳದ ಕಲ್ಲುಗಳು ಕೇಸರಿ ಬಣ್ಣಕ್ಕೆ ತಿರುಗಿವೆ ಅಂತ ಬರೆದಿದ್ದೀರಿ. ಓದಿ ಬೇಜಾರಾಯಿತು. ಆದರೆ ಆ ಬಣ್ಣವೇ ದೊಡ್ಡ ಸುಳಿವು.

ಕಲ್ಲಿದ್ದಲಿನ ಸುತ್ತಲಿನ ಬಂಡೆಯಲ್ಲಿ ಹೆಚ್ಚಾಗಿ ಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೆಲದೊಳಗೆ ಅದು ಸುಮ್ಮನಿರುತ್ತದೆ. ಅಗೆದು ಹೊರಗೆ ಹಾಕಿದರೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಕರಗಿದ ಕಬ್ಬಿಣ ಹಳ್ಳಕ್ಕೆ ಹರಿದು ತುಕ್ಕಿನ ಹಾಗೆ ಕಲ್ಲಿಗೆ ಅಂಟುತ್ತದೆ.

ಸತ್ತ ಸಸಿಯೊಂದನ್ನು ಮೆಲ್ಲಗೆ ಅಗೆದು ಬೇರು ನೋಡಿ. ತುದಿ ಮೊಂಡಾಗಿ, ಕಂದು ಬಣ್ಣವಾಗಿ, ಕವಲೇ ಒಡೆಯದಿದ್ದರೆ ಆಮ್ಲದ ಮೇಲೆ ಅನುಮಾನ ಪಡಬೇಕು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರನ್ನು ಸುಡುತ್ತದೆ. ಬೇರು ಕೆಳಗಿಳಿಯದೆ ಅಡ್ಡಕ್ಕೆ ತಿರುಗಿದ್ದರೆ ಭಾರಿ ಯಂತ್ರಗಳು ಓಡಾಡಿ ನೆಲ ಗಟ್ಟಿಯಾಗಿದೆ ಅಂತ ಅರ್ಥ. ಎರಡೂ ಒಟ್ಟಿಗೆ ಇರುವುದೇ ಜಾಸ್ತಿ.

ಮೊದಲು ಜಾಗದ ನಾಲ್ಕೈದು ಕಡೆಯಿಂದ ಮಣ್ಣು ತೆಗೆದು, ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ ಅನ್ನುವ ಅಳತೆ, ಪರೀಕ್ಷೆ ಮಾಡಿಸಿ. ಹುಳಿ ತಗ್ಗಿಸಲು ಸುಣ್ಣ ಎಷ್ಟು ಬೇಕು ಅನ್ನುವುದನ್ನೂ ಅಲ್ಲೇ ಕೇಳಿ. ಅಂದಾಜಿನಲ್ಲಿ ಹಾಕಬೇಡಿ, ಪೈರೈಟ್ ಉಳಿದಿದ್ದರೆ ಮತ್ತೆ ಹುಳಿಯಾಗುತ್ತದೆ. ಗಟ್ಟಿ ನೆಲವನ್ನು ಆಳವಾಗಿ ಸೀಳಿಸಿ, ಗೊಬ್ಬರ ಬೆರೆಸಿ. ಮರದ ಸಸಿಗೆ ಆತುರ ಬೇಡ. ಮೊದಲು ಹುಲ್ಲು, ದ್ವಿದಳ ಗಿಡಗಳು ಬೇರು ಬಿಡಲಿ.

ಅಂದಹಾಗೆ, ಪರೀಕ್ಷೆ ಆಗುವವರೆಗೆ ಆ ಹಳ್ಳದ ನೀರನ್ನು ದನಕರುಗಳಿಗೆ ಕುಡಿಸಬೇಡಿ, ಸಸಿಗೂ ಹಾಕಬೇಡಿ.