ಇಂಗ್ಲಿಷ್ ಕಡಲ್ಗಾಲುವೆ ದಾಟುತ್ತಿದ್ದ ದೈತ್ಯ ಹೋವರ್‌ಕ್ರಾಫ್ಟ್‌ಗಳು ಏಕೆ ನಿಂತವು?

ಗಾಳಿಯ ದಿಂಬಿನ ಮೇಲೆ ನೀರಿಗಿಂತ ತುಸು ಎತ್ತರದಲ್ಲಿ ಸಾಗುವ ಈ ವಾಹನಗಳು ವೇಗದಲ್ಲಲ್ಲ, ಖರ್ಚಿನಲ್ಲಿ ಸೋತವು. 1968ರಲ್ಲಿ ಸೇವೆಗಿಳಿದ ಎಸ್‌ಆರ್.ಎನ್4 ಎಂಬ ಮಾದರಿಗೆ ನಾಲ್ಕು ರೋಲ್ಸ್-ರಾಯ್ಸ್ ಗ್ಯಾಸ್ ಟರ್ಬೈನ್‌ಗಳು. ಪ್ರತಿಯೊಂದೂ ಕೆಳಗೆ ಗಾಳಿ ತುಂಬುವ ಫ್ಯಾನನ್ನೂ ಮೇಲಿನ ಪ್ರೊಪೆಲ್ಲರನ್ನೂ ಒಟ್ಟಿಗೆ ತಿರುಗಿಸುತ್ತಿತ್ತು. ಉದ್ದ ಹೆಚ್ಚಿಸಿದ ಮಾದರಿ 418 ಜನ, 60 ಕಾರು ಹೊತ್ತು ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಸುಮಾರು 35 ನಿಮಿಷದಲ್ಲಿ ತಲುಪುತ್ತಿತ್ತು. 1995ರ ದಾಖಲೆ 22 ನಿಮಿಷ!

ಆದರೆ ಟರ್ಬೈನ್‌ಗಳು ಇಂಧನ ಕುಡಿಯುತ್ತಿದ್ದವು. ಗಾಳಿ ಹಿಡಿದಿಡುವ ರಬ್ಬರ್ ಲೇಪಿತ ಸ್ಕರ್ಟಿನ ಕೆಳತುದಿ ನೀರಿಗೆ ಬಡಿದು ಸವೆಯುವುದರಿಂದ ಪದೇಪದೇ ಬದಲಿಸಬೇಕಿತ್ತು. ಉಪ್ಪುನೀರಿನ ತುಂತುರು ಲೋಹ ತಿನ್ನುತ್ತಿತ್ತು. ಅಲೆ ಎತ್ತರವಾದರೆ ಪ್ರಯಾಣವೇ ರದ್ದು. ‘ತೇಲಿದಂತಿತ್ತು’ ಎಂದು ನೆನೆಯುವವರು ಶಾಂತ ಕಡಲಿನ ದಿನ ಹೋದವರಿರಬೇಕು. ಒರಟು ಕಡಲಲ್ಲಿ ಕುಲುಕಾಟ, ಸದ್ದು ಎರಡೂ ಜೋರು.

1994ರಲ್ಲಿ ಕಡಲ್ಗಾಲುವೆಯ ಕೆಳಗಿನ ರೈಲು ಸುರಂಗ ತೆರೆಯಿತು, 1999ರಲ್ಲಿ ಪ್ರಯಾಣಿಕರಿಗೆ ಸುಂಕವಿಲ್ಲದೆ ಸರಕು ಮಾರಿ ಬರುತ್ತಿದ್ದ ಆದಾಯ ಹೋಯಿತು. 2000ದ ಅಕ್ಟೋಬರ್ 1ರಂದು ಸೇವೆ ಮುಗಿಯಿತು.